ಮೇಲಿದ್ದವರನ್ನು ಕೂಗಬಾರದು

ಭಾನುವಾರ, ಸೆಪ್ಟೆಂಬರ್ 14
ಮಧ್ಯಾಹ್ನ, ಇಸ್ತ್ರಿ ಮೇಜಿನ ಮೇಲೆ ಬರೆದದ್ದು

ನನ್ನ ಮುದ್ದು ಅಪ್ಪನಿಗೆ,

ನಿನ್ನ ಮಗಳ ನಮಸ್ಕಾರ, ಜೊತೆಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ಮೊದಲು ನನ್ನನ್ನು ಬೈದು ಮುಗಿಸಿಬಿಡು, ಆಮೇಲೆ ಮುಂದೆ ಓದು. ಹದಿನೈದು ದಿನಕ್ಕೊಂದು ಪತ್ರ ಬರೆಯುತ್ತೇನೆ ಎಂದು ಏರ್‌ಪೋರ್ಟಿನಲ್ಲಿ ನಿನ್ನ ಕೈ ಹಿಡಿದು ಮಾತು ಕೊಟ್ಟವಳು ಐದು ತಿಂಗಳಲ್ಲಿ ಬರೆದದ್ದು ಎರಡೇ ಪತ್ರ. ಅದರಲ್ಲೊಂದು ಪೋಸ್ಟ್ ಕಾರ್ಡು. ಫೋನು ಮಾಡುತ್ತೀನಲ್ಲ ಎಂದು ಸಬೂಬು ಹೇಳಬಹುದು, ಆದರೆ ಫೋನಿನಲ್ಲಿ ನೀನು ಮಾತಾಡುವುದಾದರೂ ಏನು? "ಊಟ ಆಯ್ತಾ, ಚಳಿ ಇದ್ಯಾ, ತಗೋ ಅಮ್ಮ ಮಾತಾಡ್ತಾಳಂತೆ." ಅಷ್ಟಕ್ಕೆ ನಿನ್ನ ಪಾಲಿನ ಮಾತು ಮುಗಿಯುತ್ತದೆ. ಅದಕ್ಕೇ ಈ ಸಲ ನಾಲ್ಕು ಹಾಳೆ ತುಂಬಿಸಲು ಕೂತಿದ್ದೇನೆ. ನೀನು ವಿಷಯಕ್ಕಿಂತ ಮೊದಲು ಅಕ್ಷರ ನೋಡುತ್ತೀಯ ಎಂದು ಗೊತ್ತು. ಸ್ಕೂಲಿನವರು ಎ ಬಿ ಸಿ ಡಿ ಮಾತ್ರ ಕಲಿಸಿ ಕಳಿಸಿದರೆ, ನಮ್ಮ ಅಕ್ಷರವನ್ನೆಲ್ಲ ಅಂಗಡಿ ಬೋರ್ಡುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಳಗೆ ಬಣ್ಣ ತುಂಬಿಸಿ ಕಲಿಸಿದವನು ನೀನು. ಸೊಟ್ಟ ಕಂಡರೆ ಇಸ್ತ್ರಿ ಮೇಜು ಅಲ್ಲಾಡುತ್ತಿದೆ ಎಂದುಕೊ.

ಈಗ ಸುದ್ದಿ. ಅಪ್ಪ, ನಾನು ಬೆಟ್ಟ ಹತ್ತಿದೆ.

ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡದ ಹಾಗೆ ಎಂದುಕೊಳ್ಳಬೇಡ. ಬೆಳಕು ಹರಿಯುವ ಮುಂಚೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ತುದಿ ಸಿಗುವಂಥ ಬೆಟ್ಟ. ಕೊನೆಯಲ್ಲಿ ನೆಟ್ಟಗೆ ನಿಂತ ಒಂದು ಬಂಡೆ, ಅದಕ್ಕೆ ಬಡಿದ ಕಬ್ಬಿಣದ ಮೆಟ್ಟಿಲು, ಪಕ್ಕದಲ್ಲಿ ನೇತಾಡುವ ಸರಪಳಿ. ಅದನ್ನು ನಿನ್ನ ಮಗಳು ಹತ್ತಿ, ಇಳಿದು, ಮರುದಿನ ಕೆಲಸಕ್ಕೂ ಹೋಗಿದ್ದಾಳೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಮೊದಲು ನಂಬಲಿಲ್ಲ, ನಂಬಿದ ಮೇಲೆ ಬೈದಳು. ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸು ಎಂದರೆ ಅಳುತ್ತಿದ್ದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ. ಅವಳು ಹೇಳುವುದೂ ನಿಜ. ನೀನು ಗೋಡೆ ಬರೆಯಲು ಕಟ್ಟಿದ್ದ ಆ ಬೊಂಬಿನ ಸಾರುವೆಯ ಮೇಲಿಂದ ಬಿದ್ದಾಗಿನಿಂದ, ಅಂದರೆ ಹದಿನಾಲ್ಕು ವರ್ಷದಿಂದ, ನಾನು ಕುರ್ಚಿ ಹತ್ತಿ ಬಲ್ಬ್ ಬದಲಾಯಿಸಿದವಳಲ್ಲ.

ಹಾಗಿದ್ದವಳು ಇಲ್ಲಿಗೆ ಹೇಗೆ ಬಂದೆ ಎಂದರೆ, ಒಂದು ಸುಳ್ಳಿನಿಂದ. ನಿನ್ನ ಅಳಿಯಂದಿರು ನನ್ನನ್ನು ನೋಡಲು ಬಂದ ದಿನ ಟೆರೇಸಿನ ಮೇಲೆ ಹೋಗಿ ಮಾತಾಡಿಕೊಳ್ಳಿ ಎಂದು ಅಮ್ಮ ಕಳಿಸಿದಳಲ್ಲ? ಅಲ್ಲಿ ಇವರು, ನನಗೆ ಬೆಟ್ಟ ಅಂದರೆ ಹುಚ್ಚು, ನಿಮಗೆ ಹೇಗೆ ಅಂದರು. ಇವರ ನಗು ನೋಡಿ ನನ್ನ ಬುದ್ಧಿ ಅರ್ಧ ಹೋಗಿತ್ತು. ನನಗೂ ತುಂಬಾ ಇಷ್ಟ, ಕಾಲೇಜಿನಲ್ಲಿ ಎಷ್ಟೊಂದು ಹತ್ತಿದ್ದೇನೆ ಅಂದುಬಿಟ್ಟೆ. ಇನ್ನೂ ಏನೇನೋ ಹೇಳಿದೆ, ಈಗ ನೆನೆಸಿಕೊಂಡರೆ ತಲೆದಿಂಬಿನಲ್ಲಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಮನೆಯ ಬಗ್ಗೆ ಪೂರ್ತಿ ಹೇಳಿಲ್ಲ ಅಲ್ವಾ? ನಾಲ್ಕನೇ ಮಹಡಿ, ಎರಡು ಕೋಣೆ, ಇಳಿಜಾರು ಮಾಡು. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತರೆ ತಲೆ ತಗ್ಗಿಸಬೇಕು, ದೇವರಿಗೆ ನಮಸ್ಕಾರ ಮಾಡುತ್ತಾ ಅಡುಗೆ ಮಾಡಿದ ಹಾಗೆ. ಇವರು ಊರಿನವರ ಲಿಫ್ಟೆಲ್ಲ ರಿಪೇರಿ ಮಾಡುತ್ತಾರೆ, ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಕೆಳಗೆ ಒಂದು ಬೇಕರಿ. ಅದನ್ನು ನಡೆಸುವವರು ನಮ್ಮ ಕಡೆಯವರೇ, ಮೂವತ್ತು ವರ್ಷದ ಹಿಂದೆ ಬಂದವರು. ನಾನು ಅವರಿಗೆ ಬ್ರೆಡ್ಡಕ್ಕ ಎಂದು ಹೆಸರಿಟ್ಟಿದ್ದೇನೆ. ಎದುರಿಗೇ ಹಾಗೆ ಕರೆದೆ, ಬಿದ್ದು ಬಿದ್ದು ನಕ್ಕರು. ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ದಿನಾ ಬಣ್ಣದ ಸೀಮೆಸುಣ್ಣದಲ್ಲಿ ತಿಂಡಿಗಳ ಪಟ್ಟಿ ಬರೆಯುವ ಕೆಲಸ ನನ್ನದು. ಜನ ನಿಂತು ಅದರ ಫೋಟೋ ತೆಗೆಯುತ್ತಾರೆ ಅಪ್ಪ. ಯಾರ ಕೈ ಅದು ಎಂದು ಅವರಿಗೇನು ಗೊತ್ತು.

ಇವರು, ಬ್ರೆಡ್ಡಕ್ಕ, ಮತ್ತೆ ಇವರ ಜೊತೆ ಕೆಲಸ ಮಾಡುವ ಒಬ್ಬ ಉದ್ದನೆಯ ಮನುಷ್ಯ, ಮೂವರದೂ ಒಂದು ಬೆಟ್ಟದ ಗುಂಪು. ಆ ಉದ್ದನೆಯವನಿಗೆ ಏಣಿ ಎಂದು ಹೆಸರಿಟ್ಟೆ. ಅವನು ಇಲ್ಲಿಯವನೇ, ಅರ್ಥ ಕೇಳಿದಾಗ ಗೌರವದ ಹೆಸರು ಎಂದು ಇವರು ಹೇಳಿಬಿಟ್ಟಿದ್ದಾರೆ. ಈಗ ಫೋನಿನಲ್ಲೂ ತಾನೇ ಏಣಿ ಎಂದು ಹೇಳಿಕೊಳ್ಳುತ್ತಾನೆ.

ಈ ಗುಂಪಿಗೆ ಎರಡು ನಿಯಮ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ನಡೆಯಬೇಕು, ಉಳಿದವರು ಅವರ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಒಬ್ಬರು ವಾಪಸು ಅಂದರೆ ಎಲ್ಲರೂ ವಾಪಸು, ಮುಖ ಸಪ್ಪಗೆ ಮಾಡುವಂತಿಲ್ಲ. ಈ ಎರಡನೇ ನಿಯಮದಿಂದ ಬ್ರೆಡ್ಡಕ್ಕ ಮೂರು ಸಲ ಆ ಬಂಡೆಯ ಬುಡದಿಂದ ತಿರುಗಿ ಬಂದಿದ್ದಾರೆ. ಒಂದು ಸಲ ಜೊತೆಗೆ ಬಂದಿದ್ದ ಒಬ್ಬರಿಗೆ ತಲೆಸುತ್ತು, ಒಂದು ಸಲ ಇನ್ನೊಬ್ಬರಿಗೆ ಭಯ, ಒಂದು ಸಲ ಇವರ ಕಾಲು ಉಳುಕಿತ್ತು. ಅಕ್ಕನಿಗೆ ಈಗ ಐವತ್ತೊಂಬತ್ತು. ಚಳಿಗಾಲದಲ್ಲಿ ಮಂಡಿಯ ಆಪರೇಷನ್ನು. ಆಮೇಲೆ ಬೆಟ್ಟದ ಮಾತೇ ಎತ್ತಬೇಡಿ ಎಂದಿದ್ದಾರೆ ಡಾಕ್ಟರು. ಅಂದರೆ ಇದೇ ಕೊನೆಯ ಸಲ. ಆ ಕೊನೆಯ ಸಲಕ್ಕೆ ನಿನ್ನ ಅಳಿಯಂದಿರು, ನನ್ನ ಹೆಂಡತಿ ಬೆಟ್ಟ ಹತ್ತುವುದರಲ್ಲಿ ಎತ್ತಿದ ಕೈ ಎಂದು ನನ್ನನ್ನು ಸೇರಿಸಿ ಬಂದರು.

ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ಐದು ಕಿಲೋ ಅಕ್ಕಿಯನ್ನು ಬ್ಯಾಗಿಗೆ ಹಾಕಿಕೊಂಡು, ಇವರು ಕೆಲಸಕ್ಕೆ ಹೋದ ಮೇಲೆ ನಾಲ್ಕು ಮಹಡಿ ಹತ್ತುವುದು, ಇಳಿಯುವುದು. ಆರು ವಾರ. ಎರಡನೇ ಮಹಡಿಯ ಮುದುಕರು ಮೊದಲು ದಿನಾ ಬಾಗಿಲು ತೆರೆದು ನೋಡುತ್ತಿದ್ದರು, ಆಮೇಲೆ ಎಷ್ಟನೇ ಸುತ್ತು ಎಂದು ಅವರೇ ಎಣಿಸತೊಡಗಿದರು. ನಾಲ್ಕನೇ ಮಹಡಿಯ ಕಂಬಿಯ ಹತ್ತಿರ ಮಾತ್ರ ಕಣ್ಣು ಮುಚ್ಚಿಕೊಂಡೇ ದಾಟುತ್ತಿದ್ದೆ.

ಹೊರಟ ದಿನ ಬ್ರೆಡ್ಡಕ್ಕ ನನ್ನ ನಡಿಗೆಯನ್ನು ಹತ್ತು ನಿಮಿಷ ನೋಡಿದರು. ಆಮೇಲೆ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿ, ಇವತ್ತಿಗೆ ನೀನೇ ನಮ್ಮ ಲೀಡರ್ರು, ನಡಿ ಅಂದರು. ಅಂದರೆ ನಾನೇ ಎಲ್ಲರಿಗಿಂತ ನಿಧಾನ ಅಂತ. ಆದರೂ ನನಗೆ ಖುಷಿಯೋ ಖುಷಿ. ನನ್ನನ್ನು ಲೀಡರಮ್ಮ ಎಂದು ಕರೆಯುವವನು ಲೋಕದಲ್ಲಿ ನೀನೊಬ್ಬನೇ ಅಲ್ವಾ? ಒಂದು ಲೋಟ ಎತ್ತಿಡೋಲ್ಲ, ಇವಳು ಯಾವ ಸೀಮೆ ಲೀಡರು ಎಂದು ಅಮ್ಮ ಅಷ್ಟು ವರ್ಷ ಕೇಳಿದರೂ ನೀನು ನಕ್ಕು ಸುಮ್ಮನಾಗುತ್ತಿದ್ದೆ. ಆ ಹೆಸರು ಕಿವಿಗೆ ಬಿದ್ದಿದ್ದೇ ತಡ, ಕಾಡು ದಾಟಿ, ಜಲ್ಲಿಯ ಇಳಿಜಾರು ದಾಟಿ, ಹೆಜ್ಜೆ ತಾನಾಗೇ ಬಿತ್ತು. ಹಿಂದಿನಿಂದ ಏಣಿ ಶಿಳ್ಳೆ ಹಾಕುತ್ತಾ ಬರುತ್ತಿದ್ದ. ಅವನ ಒಂದು ಹೆಜ್ಜೆಗೆ ನನ್ನದು ಎರಡು, ಪಾಪ ಅವನು ಮದುವೆ ಮೆರವಣಿಗೆಯಲ್ಲಿ ನಡೆದ ಹಾಗೆ ನಡೆಯಬೇಕಾಯಿತು.

ಹನ್ನೊಂದು ಗಂಟೆಗೆ ಬಂಡೆಯ ಬುಡ. ತಲೆ ಎತ್ತಿ ನೋಡಿದೆ. ನಮ್ಮೂರಿನ ಯಾವ ಕಟ್ಟಡವೂ ಅಷ್ಟೆತ್ತರ ಇಲ್ಲ. ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲುಗಳು ಮೇಲೆ ಹೋಗುತ್ತಾ ಹೋಗುತ್ತಾ ಬಟ್ಟೆಯ ಹೊಲಿಗೆಯಷ್ಟು ಸಣ್ಣಗಾಗಿ ಕಾಣುತ್ತಿದ್ದವು. ಬ್ರೆಡ್ಡಕ್ಕ ಕಲ್ಲಿನ ಮೇಲೆ ಕೂತು ಮಂಡಿಗೆ ಪಟ್ಟಿ ಸುತ್ತುತ್ತಾ ಹೇಳಿದರು, "ಒಬ್ಬೊಬ್ರೇ ಹತ್ತೋದು. ಒಬ್ರು ಮೇಲೆ ಕೈ ಎತ್ತಿ ತೋರಿಸಿದ ಮೇಲೆ ಇನ್ನೊಬ್ರು. ಇನ್ನೊಂದು ಮಾತು, ಮೇಲಿದ್ದೋರನ್ನ ಕೆಳಗಿಂದ ಕೂಗಬಾರದು. ಏನೇ ಆಗಲಿ."

ಅಪ್ಪ, ಥೇಟು ನಿನ್ನ ಮಾತು. ನಿನಗೆ ಊಟದ ಕ್ಯಾರಿಯರ್ ತಂದಾಗಲೆಲ್ಲ ಹೇಳುತ್ತಿದ್ದೆಯಲ್ಲ, ಮರಳಿನ ಗುಡ್ಡೆ ಹತ್ತಿರ ನಿಂತ್ಕೋ, ಬ್ರಷ್ಷು ಡಬ್ಬಕ್ಕೆ ಬಿದ್ದ ಮೇಲೆ ಕರಿ, ಅದಕ್ಕೆ ಮುಂಚೆ ಬೇಡ ಅಂತ. ಕರೆದರೆ ಮೇಲಿದ್ದವನು ತಲೆ ತಿರುಗಿಸುತ್ತಾನೆ, ತಲೆ ಹೋದ ಕಡೆಗೆ ಕಾಲೂ ಹೋಗುತ್ತದೆ ಅಂತ.

ಆಗ ಇವರ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ನಾನು ಯಾವ ಬೆಟ್ಟವನ್ನೂ ಹತ್ತಿದವಳಲ್ಲ, ಕಾಲೇಜಿನದು ಪೂರ್ತಿ ಸುಳ್ಳು, ನನಗೆ ಎತ್ತರ ಅಂದರೆ ಪ್ರಾಣಭಯ, ಅಕ್ಕನ ಕೊನೆಯ ಸಲವೂ ನನ್ನಿಂದ ಹಾಳಾಗುತ್ತದೆ. ಒಂದೇ ಉಸಿರಿಗೆ. ಇವರು ಸಿಟ್ಟಾಗುತ್ತಾರೆ ಎಂದುಕೊಂಡರೆ ಕೆಳಗೆ ಕೂತು ನನ್ನ ಬೂಟಿನ ದಾರ ಬಿಗಿ ಮಾಡತೊಡಗಿದರು.

"ಗೊತ್ತು," ಅಂದರು. "ಆವತ್ತು ನಿಮ್ಮ ಮನೆ ಟೆರೇಸ್ ಮೇಲೆ ನೀನು ಪೂರ್ತಿ ಹೊತ್ತು ನೀರಿನ ಟ್ಯಾಂಕ್ ತಬ್ಕೊಂಡೇ ಮಾತಾಡಿದೆ."

ಮತ್ತೆ ಯಾಕೆ ಕರೆದುಕೊಂಡು ಬಂದಿರಿ ಎಂದು ಕೇಳಿದೆ. ನೀನೇ ಬೇಡ ಅಂತೀಯ ಅಂತ ಕಾಯ್ತಾ ಇದ್ದೆ, ನೀನು ನೋಡಿದರೆ ಅಕ್ಕಿ ಹೊತ್ತುಕೊಂಡು ಮೆಟ್ಟಿಲು ಹತ್ತೋಕೆ ಶುರು ಮಾಡಿದೆ, ಎರಡನೇ ಮಹಡಿ ತಾತ ದಿನಾ ನನಗೆ ಲೆಕ್ಕ ಒಪ್ಪಿಸ್ತಿದ್ದರು, ಅಂದರು. ಅಷ್ಟರಲ್ಲಿ ಬ್ರೆಡ್ಡಕ್ಕ ಕುಂಟುತ್ತಾ ಹತ್ತಿರ ಬಂದರು. "ನೋಡಮ್ಮ, ಬೇಡ ಅಂದ್ರೆ ಈಗ ಹೇಳು, ಎಲ್ಲಾರೂ ಇಳಿಯೋಣ. ನಾನು ಬೇಜಾರು ಮಾಡ್ಕೊಳೋದಿಲ್ಲ. ಮೂರು ಸಲ ಇಳಿದಿದೀನಿ, ದಾರಿ ಚೆನ್ನಾಗಿ ಗೊತ್ತು." ಹೀಗೆ ಅಂದವರನ್ನು ಇಳಿಸಿಕೊಂಡು ಹೋಗಲು ಯಾರಿಗೆ ಮನಸ್ಸು ಬರುತ್ತದೆ ಹೇಳು. ಹತ್ತುತ್ತೇನೆ ಅಂದೆ.

ಮೊದಲು ಏಣಿ ಹತ್ತಿದ, ಹೆಸರಿಗೆ ತಕ್ಕ ಹಾಗೆ. ಆಮೇಲೆ ಇವರು. ಇವರು ಅರ್ಧ ಹೋದಾಗ ನೋಡುತ್ತೇನೆ, ನನ್ನ ಬೂಟು ಬಿಗಿ ಮಾಡಿದ ಮಹಾನುಭಾವರ ಬೂಟಿನ ದಾರವೇ ಬಿಚ್ಚಿಕೊಂಡಿದೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಾಲದ ಹಾಗೆ ನೇತಾಡುತ್ತಿದೆ. ಇನ್ನೊಂದು ಕಾಲು ಅದರ ಮೇಲೆ ಬಿದ್ದರೆ ಮುಗಿಯಿತು. ಇವರ ಹೆಸರು ನನ್ನ ಗಂಟಲಿನ ತನಕ ಬಂತು. ಬಾಯಿ ತೆರೆದೂ ಆಗಿತ್ತು. ಕೈಗವಸನ್ನು ಬಾಯಿಗೆ ತುರುಕಿ ಹಲ್ಲು ಕಚ್ಚಿಕೊಂಡೆ. ಆ ಉಣ್ಣೆಯ ರುಚಿ ಈಗಲೂ ನಾಲಿಗೆ ಮೇಲಿದೆ. ಮೇಲೆ ಚಾಚಿಕೊಂಡಿದ್ದ ಒಂದು ಕಲ್ಲಿನ ಮೇಲೆ ಕಾಲಿಟ್ಟಾಗ ಇವರೇ ಅದನ್ನು ನೋಡಿ, ನಿಧಾನವಾಗಿ ಬಗ್ಗಿ ಕಟ್ಟಿಕೊಂಡು, ಕೊನೆಗೆ ಮೇಲಿಂದ ಕೈ ಎತ್ತಿದರು. ನಾನು ಆಮೇಲೆ ಕೈಗವಸನ್ನು ಬಾಯಿಂದ ತೆಗೆದೆ.

ನನ್ನ ಸರದಿ. ನೀನು ಮತ್ತು ನಿನಗೆ ಬೊಂಬು ಕಟ್ಟಿಕೊಡುತ್ತಿದ್ದ ಸಾರುವೆ ಮಾಮ ನಿಮ್ಮ ಕೆಲಸದವರಿಗೆ ಹೇಳಿಕೊಡುತ್ತಿದ್ದುದನ್ನು ನಾನು ಮರಳಿನ ಗುಡ್ಡೆಯ ಮೇಲೆ ಕೂತು ಕೇಳಿಸಿಕೊಂಡದ್ದು ಕೆಲಸಕ್ಕೆ ಬಂತು: ಎರಡು ಕೈ, ಎರಡು ಕಾಲು, ನಾಲ್ಕರಲ್ಲಿ ಮೂರು ಹಿಡಿದೇ ಇರಬೇಕು, ಹೊರಡುವುದು ಒಂದೇ. (ಸಾರುವೆ ಮಾಮನ ಹೆಸರು ಬಂದಕೂಡಲೇ ಅಮ್ಮ ಮುಖ ತಿರುಗಿಸುತ್ತಾಳೆ, ಗೊತ್ತು. ಆದರೂ ಬರೆಯುತ್ತೇನೆ. ಅದನ್ನು ಕಲಿಸಿದವರು ಅವರು.) ಇಡೀ ಗೋಡೆ ನೋಡಬೇಡ, ಈ ಅಕ್ಷರ ಮುಗಿಸು ಎಂದೂ ನೀನು ಹೇಳುತ್ತಿದ್ದೆ. ಅದಕ್ಕೇ ಒಂದೊಂದು ಮೆಟ್ಟಿಲಿಗೂ ಒಂದೊಂದು ಅಕ್ಷರ ಇಟ್ಟೆ. ಅ ಹಿಡಿದೆ, ಆ ಹಿಡಿದೆ, ಇ ಮೇಲೆ ಕಾಲಿಟ್ಟೆ. ಸ್ವರ ಮುಗಿಯುವಷ್ಟರಲ್ಲಿ ಗಾಳಿ ಬೀಸತೊಡಗಿತು. ಟಠಡಢದ ಹತ್ತಿರ ಒಂದು ಮೆಟ್ಟಿಲೇ ಇಲ್ಲ. ಕಿತ್ತುಹೋಗಿದೆ. ಅಲ್ಲಿ ಸರಪಳಿ ಹಿಡಿದು ಪಕ್ಕಕ್ಕೆ ಒಂದು ದೊಡ್ಡ ಹೆಜ್ಜೆ ಹಾಕಬೇಕು.

ಅಲ್ಲಿ ನಿಂತುಬಿಟ್ಟೆ ಅಪ್ಪ. ಎಷ್ಟು ಹೊತ್ತೋ ಗೊತ್ತಿಲ್ಲ. ಮೇಲೆ ಇವರಿದ್ದಾರೆ, ಕೆಳಗೆ ಬ್ರೆಡ್ಡಕ್ಕ ಇದ್ದಾರೆ, ಒಬ್ಬರೂ ಒಂದು ಮಾತಾಡಲಿಲ್ಲ. ಹುಷಾರು ಅನ್ನಲಿಲ್ಲ, ಬಾ ಅನ್ನಲಿಲ್ಲ. ಮೂರು ಜನ ನನಗಾಗಿ ಬಾಯಿ ಬಿಗಿಹಿಡಿದು ನಿಂತಿದ್ದರು. ಕೆನ್ನೆಯನ್ನು ಬಂಡೆಗೆ ಒತ್ತಿಕೊಂಡು, ಮನಸ್ಸಿನಲ್ಲೇ "ನಡಿ ಲೀಡರಮ್ಮ" ಅಂದುಕೊಂಡೆ, ನಿನ್ನ ದನಿಯಲ್ಲೇ. ಅಂದುಕೊಂಡ ಕೂಡಲೇ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಹೊಳೆಯದೇ ಇದ್ದದ್ದು. ಅದನ್ನು ಆಮೇಲೆ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಅದು ಹೊಳೆದ ಮೇಲೆ ಕೆನ್ನೆಯನ್ನು ಬಂಡೆಯಿಂದ ಎತ್ತಿದೆ. ಮೂರು ಹಿಡಿದೆ, ಒಂದು ಬಿಟ್ಟೆ, ದಾಟಿದೆ.

ಸರಿಯಾಗಿ ಳ ಅನ್ನುವಾಗ ಬಂಡೆ ಮುಗಿಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಇನ್ನು ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ಎರಡನೇ ಸುತ್ತಿನ ಊ ತನಕ ಹೋಗಬೇಕಾಯಿತು. ಇವರು ನನ್ನನ್ನು ಎಳೆದುಕೊಂಡು ತಬ್ಬಿಕೊಂಡರು, ಏಣಿ ನಮ್ಮಿಬ್ಬರನ್ನೂ ಸೇರಿಸಿ ತಬ್ಬಿಕೊಂಡ. ಆಮೇಲೆ ನಾನು ಚೆನ್ನಾಗಿ ಕೈ ಎತ್ತಿ ಅಕ್ಕನಿಗೆ ತೋರಿಸಿದೆ. ಅಕ್ಕ ಬಂದರು, ನಿಧಾನವಾಗಿ, ಒಂದೊಂದು ಮೆಟ್ಟಿಲಿಗೂ ಮಂಡಿಯನ್ನು ಬೈಯುತ್ತಾ. ಅವರ ಬೈಗುಳ ನಮಗೆ ಮೇಲಿಂದ ಪೂರ್ತಿ ಕೇಳುತ್ತಿತ್ತು, ಬರೆಯುವ ಹಾಗಿಲ್ಲ. ತುದಿಗೆ ಬಂದವರು ಯಾರ ಮುಖವನ್ನೂ ನೋಡದೆ ನೆಟ್ಟಗೆ ಹೋಗಿ ಎಲ್ಲಕ್ಕಿಂತ ಎತ್ತರದ ಕಲ್ಲಿನ ಮೇಲೆ ಕೂತರು. "ಅಯ್ಯೋ, ಇಷ್ಟೇನಾ," ಅಂದರು. ಹಾಗೆ ಅಂದು ಗೊಳೋ ಎಂದು ಅತ್ತರು.

ಅಲ್ಲಿಂದ ಏನು ಕಾಣುತ್ತದೆ ಎಂದು ಬರೆಯಲು ನನಗೆ ಬರುವುದಿಲ್ಲ. ನಾವು ಹೊರಟ ಊರು ಬೆಂಕಿಪೊಟ್ಟಣಗಳನ್ನು ಚೆಲ್ಲಿದ ಹಾಗಿತ್ತು. ಮೋಡ ನಮಗಿಂತ ಕೆಳಗಿತ್ತು. ನನಗೆ ಭಯವೇ ಆಗಲಿಲ್ಲ, ಅಂಚಿನ ತನಕ ಹೋಗಿ ಕೆಳಗೆ ಬಗ್ಗಿ ನೋಡಿದೆ. ಇವರೇ ಹೆದರಿ ನನ್ನ ಜಾಕೆಟ್ ಹಿಡಿದುಕೊಂಡರು. ಬ್ರೆಡ್ಡಕ್ಕನ ಬ್ಯಾಗಿನಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಂದವು. ಅಂಥ ಮೊಟ್ಟೆ ನಾನು ಜನ್ಮದಲ್ಲಿ ತಿಂದಿಲ್ಲ.

ಕಲ್ಲುಗಳ ನಡುವೆ ಒಂದು ತಗಡಿನ ಡಬ್ಬಿ, ಅದರೊಳಗೆ ಹತ್ತಿದವರು ಹೆಸರು ಬರೆಯುವ ಪುಸ್ತಕ. ಬೆರಳು ಮರಗಟ್ಟಿದ್ದರೂ ನಾಲ್ವರ ಹೆಸರನ್ನೂ ನಾನೇ ಬರೆದೆ, ನಮ್ಮ ಅಕ್ಷರದಲ್ಲಿ, ನೆರಳು ಕೊಟ್ಟು, ಮದುವೆ ಬೋರ್ಡಿಗೆ ನೀನು ಬರೆಯುವ ಹಾಗೆ. ಕೆಳಗೆ ಬಲಮೂಲೆಯಲ್ಲಿ ನಿನ್ನ ಗುರುತು ಹಾಕಿದೆ, ಅಡ್ಡ ಬ್ರಷ್ಷು, ಅದರ ಮೇಲೆ ಎರಡು ಚುಕ್ಕೆ. ನಿನ್ನ ಕೆಲಸ ಈಗ ಮೋಡದ ಮೇಲೂ ಇದೆ ಅಪ್ಪ. ಮನೆಯ ಮುಂದಿನ ಕೋಣೆಯಲ್ಲಿ ಕೂತು ನಂಬರ್ ಪ್ಲೇಟು ಬರೆಯುವಾಗ ಅದು ನೆನಪಿರಲಿ.

ತುದಿಯಲ್ಲಿ ಪ್ರತಿಯೊಬ್ಬರೂ ಒಂದು ಹೆಸರನ್ನು ಕೂಗಬೇಕಂತೆ, ಅದು ಗುಂಪಿನ ಪದ್ಧತಿ. ಅಲ್ಲಿಂದ ಮೇಲೆ ಯಾರೂ ಇಲ್ಲವಲ್ಲ, ಕೂಗಿದರೆ ಯಾರೂ ಬೀಳುವುದಿಲ್ಲ. ಅಕ್ಕ ತೀರಿಹೋದ ತಮ್ಮ ಯಜಮಾನರ ಹೆಸರು ಕೂಗಿದರು. ಏಣಿ ತನ್ನ ನಾಯಿಯ ಹೆಸರು ಕೂಗಿದ. ಇವರು ನನ್ನ ಹೆಸರು ಕೂಗಿದರು, ಪಕ್ಕದಲ್ಲೇ ನಿಂತಿದ್ದವಳ ಹೆಸರು. ನಾನು "ಅಪ್ಪಾ" ಎಂದು ಕೂಗಿದೆ. ಹೊಟ್ಟೆಯ ಆಳದಿಂದ. ಎದುರಿನ ಬೆಟ್ಟ ಅದನ್ನು ಎರಡು ಸಲ ವಾಪಸು ಹೇಳಿತು. ಬೆಕ್ಕಿನ ಹಾಗೆ ಹತ್ತಿರ ಬಂದು ಕಿವಿಯ ಪಕ್ಕದಲ್ಲಿ ಕರೀತೀಯ, ಎದೆ ಒಡೆದುಹೋಗುತ್ತೆ, ದೂರದಿಂದ ಕೂಗೋಕೇನು ನಿನಗೆ ಎಂದು ಎಷ್ಟು ವರ್ಷ ಬೈದಿದ್ದೀಯ. ಇಗೋ, ಇದಕ್ಕಿಂತ ದೂರದಿಂದ ಕೂಗಲು ನನಗೆ ಆಗುವುದಿಲ್ಲ.

ಅಮ್ಮನಿಗೆ ನನ್ನ ಮುತ್ತು. ಮಂಡಿ ನೋವಿನ ಎಣ್ಣೆ ಇನ್ನೊಂದು ಬಾಟಲಿ ಕಳಿಸಲು ಹೇಳು, ಬ್ರೆಡ್ಡಕ್ಕನಿಗೆ. ನಿನ್ನ ಅಳಿಯಂದಿರು ನಿಮ್ಮಿಬ್ಬರಿಗೂ ನಮಸ್ಕಾರ ತಿಳಿಸಿದ್ದಾರೆ, ಬೂಟಿನ ದಾರದ ವಿಷಯ ಬರೆಯಬೇಡ ಎಂದೂ ಹೇಳಿದ್ದಾರೆ. ನಿನ್ನ ಸೊಂಟ ಹುಷಾರು. ನಿನ್ನ ಆಶೀರ್ವಾದ ಇಷ್ಟು ಎತ್ತರಕ್ಕೂ ತಲುಪುತ್ತದೆ ಎಂದು ಈಗ ಗೊತ್ತಾಗಿದೆ, ಆದ್ದರಿಂದ ಧಾರಾಳವಾಗಿ ಕಳಿಸು.

ನಿನ್ನ
ಲೀಡರಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ. ಉಳಿದದ್ದನ್ನೆಲ್ಲ ಫೋನಿನಲ್ಲೂ ಹೇಳಬಹುದಿತ್ತು.

ಅಪ್ಪ, ನೀನು ಬಿದ್ದ ದಿನ ಸಾರುವೆಯ ಹಲಗೆ ಜಾರಲಿಲ್ಲ. ನಾನು ಕರೆದೆ. ಐದನೇ ಕ್ಲಾಸು. ಮಧ್ಯಾಹ್ನ ಕೊನೆಯ ಪೀರಿಯಡ್ಡಿನಲ್ಲಿ ಮಿಸ್ಸು ನನಗೆ ಕ್ಲಾಸ್ ಲೀಡರ್ ಬ್ಯಾಡ್ಜು ಚುಚ್ಚಿದರು. ಮನೆಗೆ ಹೋಗದೆ ನೆಟ್ಟಗೆ ನಿನ್ನ ಹತ್ತಿರ ಓಡಿ ಬಂದೆ. ನೀನು ಬಟ್ಟೆ ಅಂಗಡಿಯ ಗೋಡೆಯ ಮೇಲೆ ಕೊನೆಯ ಅಕ್ಷರ ಬರೆಯುತ್ತಿದ್ದೆ. ಬ್ರಷ್ಷು ಡಬ್ಬಕ್ಕೆ ಬೀಳುವ ತನಕ ನನಗೆ ತಾಳ್ಮೆ ಇರಲಿಲ್ಲ. ಮರಳಿನ ಗುಡ್ಡೆ ಹತ್ತಿ "ಅಪ್ಪಾ, ನೋಡಿಲ್ಲಿ" ಎಂದು ಕೂಗಿದೆ. ನೀನು ತಿರುಗಿದೆ. ನೀನು ಬಿದ್ದದ್ದನ್ನು ನೋಡಿ ನಾನು ಗುಡ್ಡೆಯ ಹಿಂದೆ ಅಡಗಿಕೊಂಡೆ, ಆಮೇಲೆ ಸ್ಕೂಲಿನಿಂದ ಬಂದವಳ ಹಾಗೆ ಮನೆಗೆ ಹೋದೆ. ಬ್ಯಾಡ್ಜನ್ನು ದಾರಿಯ ಮೋರಿಗೆ ಎಸೆದೆ. ಯಾರಿಗೂ ಹೇಳಲಿಲ್ಲ, ಅಮ್ಮನಿಗೂ ಇಲ್ಲ. ಮರುದಿನ ಮಿಸ್ಸಿಗೆ ಕಳೆದುಹೋಯಿತು ಅಂದೆ, ಅವರು ಬೇರೆ ಹುಡುಗಿಯನ್ನು ಲೀಡರ್ ಮಾಡಿದರು. ನೀನು ಅರ್ಧ ಬಿಟ್ಟ ಅಕ್ಷರವನ್ನು ಬೇರೆ ಯಾರೋ ಮುಗಿಸಿದರು. ಸೊಟ್ಟಗಿತ್ತು. ದಿನಾ ಸ್ಕೂಲಿಗೆ ಹೋಗುವಾಗ ಅದನ್ನು ನೋಡಬೇಕಿತ್ತು.

ಮೂರನೇ ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ನನ್ನನ್ನು ನೋಡಿ, "ಬಂದ್ಯಾ ಲೀಡರಮ್ಮ" ಅಂದೆ. ಅಲ್ಲಿಂದ ಇವತ್ತಿನ ತನಕ ಹಾಗೇ ಕರೆದಿದ್ದೀಯ. ಟಠಡಢದ ಹತ್ತಿರ ಕೆನ್ನೆ ಒತ್ತಿಕೊಂಡು ನಿಂತಾಗ ನನಗೆ ಹೊಳೆದದ್ದು ಇದು: ಆ ಬ್ಯಾಡ್ಜು ನನ್ನ ಎದೆಯ ಮೇಲೆ ಇದ್ದದ್ದು ಒಂದು ಗಂಟೆ. ನೀನು ಅದನ್ನು ನೋಡಲು ಸಾಧ್ಯವಿದ್ದದ್ದು ಒಂದೇ ಒಂದು ಸಲ, ಮೇಲಿಂದ, ತಿರುಗಿದಾಗ.

ಎಲ್ಲರಿಗೂ ಹಲಗೆ ಜಾರಿತು ಎಂದು ಹೇಳಿದೆಯಲ್ಲ ಅಪ್ಪ. ನನ್ನನ್ನು ಮರೆಮಾಡಲು. ಅವನ ತಪ್ಪಿಲ್ಲ ಎಂದು ಸಾರುವೆ ಮಾಮನ ಪರವಾಗಿ ನೀನು ಎಷ್ಟು ಹೇಳಿದರೂ ಅಮ್ಮ ಕೇಳಲಿಲ್ಲ, ಹಲಗೆ ಕಟ್ಟಿದ ಕೈ ಅವರದೇ ತಾನೆ ಅಂದಳು. ಆಮೇಲೆ ಅವರಿಗೆ ಯಾರೂ ಸಾರುವೆ ಕಟ್ಟುವ ಕೆಲಸ ಕೊಡಲಿಲ್ಲ. ಈಗ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾರೆ. ನನ್ನ ಮದುವೆಗೆ ಬಂದು ಗೇಟಿನ ಹತ್ತಿರವೇ ನಿಂತು, ಕವರ್ ಯಾರದೋ ಕೈಯಲ್ಲಿ ಕೊಟ್ಟು ಊಟ ಮಾಡದೆ ಹೋದರು. ನಾನು ಮಂಟಪದಿಂದ ನೋಡಿದೆ. ಆಗಲೂ ಸುಮ್ಮನೆ ಕೂತಿದ್ದೆ.

ಈ ಹಾಳೆಯನ್ನು ಅಮ್ಮನಿಗೆ ಓದಿ ಹೇಳು. ಅವಳು ನನ್ನ ಜೊತೆ ಎಷ್ಟು ದಿನ ಬೇಕಾದರೂ ಮಾತು ಬಿಡಲಿ. ಆಮೇಲೆ ಇಬ್ಬರೂ ಸೇರಿ ಸಾರುವೆ ಮಾಮನ ಅಂಗಡಿಗೆ ಹೋಗಿ. ಅವರು ಕಟ್ಟಿದ ಗಂಟು ಒಂದೂ ಬಿಚ್ಚಿರಲಿಲ್ಲ ಎಂದು ಅಮ್ಮನೇ ಹೇಳಲಿ. ನೀನು ಕುಂಟುತ್ತಾ ಹತ್ತಿರ ಹೋಗುವ ತನಕ ಕಾಯಬೇಡ, ರಸ್ತೆಯ ಈಚೆಯಿಂದಲೇ ಜೋರಾಗಿ ಕೂಗಿ ಕರಿ. ಅವರು ಈಗ ನೆಲದ ಮೇಲೇ ಕೂತಿರುತ್ತಾರೆ.